ಭಾನುವಾರದ ಜೀವನಾಂಶ

ಇಸವಿ ಎರಡು ಸಾವಿರಕ್ಕೆ ಕಂಪ್ಯೂಟರುಗಳು ಕೆಡದಂತೆ ಸರಿಮಾಡುವ ವೈಟುಕೆ ಕೆಲಸಕ್ಕೆ ಕಂಪನಿ ನನ್ನನ್ನು ಜಪಾನಿನ ಕೋಬೆಗೆ ಕಳಿಸಿದಾಗ, ನಮ್ಮೆಜಮಾನ್ರು ಬೆಂಗಳೂರಿನ ಮೇಷ್ಟ್ರ ಕೆಲಸ ಬಿಟ್ಟು ಮಗಳ ಜೊತೆ ಹಿಂದೆಯೇ ಬಂದರು. ಎರಡು ವರ್ಷ ಮನೆ ನೋಡಿಕೊಂಡರು. ಅಷ್ಟರಲ್ಲಿ ನಮ್ಮದು ಎಣ್ಣೆ ಸೀಗೆಕಾಯಿ ಆಗಿತ್ತು. ಬೇರೆಯಾಗೋಣ, ಮಗಳು ನನ್ನ ಹತ್ತಿರವಿರಲಿ ಎಂದು ಮಾತಾಯಿತು.

ಆಫೀಸಿನಲ್ಲಿ ಪಕ್ಕದ ಸೀಟಿನ ಜಪಾನಿ ಹಿರಿಯರು ಹೆಂಡತಿಯನ್ನು ಬಿಟ್ಟವರು. "ನಮ್ಮಲ್ಲಿ ಒಂದು ಫಾರಂ, ಇಬ್ಬರ ಮುದ್ರೆ. ಇದ್ದದ್ದು ಹಂಚಿಕೊಂಡರೆ ಮುಗೀತು, ತಿಂಗಳು ತಿಂಗಳು ಕೊಡೋದೇನಿಲ್ಲ" ಎಂದರು. ಅಬ್ಬಾ, ಎಷ್ಟು ಸಲೀಸು! ಸಹಿಯ ಬದಲು ಒತ್ತಲು ಮಾಡಿಸಿಕೊಂಡಿದ್ದ ಮುದ್ರೆ ಹಿಡಿದು ಬಿಂಕದಿಂದ ವಾರ್ಡ್ ಕಚೇರಿಗೆ ಹೋದೆ. ಕೌಂಟರಿನಾಕೆ ಮೂರು ಸಲ ತಲೆಬಾಗಿ, "ಸುಮಿಮಾಸೆನ್, ಕ್ಷಮಿಸಿ, ಇಬ್ಬರೂ ಭಾರತದವರು. ನಿಮಗೆ ನಿಮ್ಮ ದೇಶದ ಕಾನೂನೇ" ಎಂದು ಫಾರಂ ವಾಪಸ್ ಕೊಟ್ಟಳು.

ಬೆಂಗಳೂರಿನ ವಕೀಲರಿಗೆ ಫೋನ್ ಮಾಡಿದೆ. "ಮೇಡಂ, ದುಡಿಯೋರು ನೀವು. ನಮ್ಮ ಕಾನೂನಲ್ಲಿ ಗಂಡನೂ ಜೀವನಾಂಶ ಕೇಳಬಹುದು. ಅವರು ಮರುಮದುವೆ ಆದ್ರೆ ನಿಲ್ಲಿಸಬಹುದು, ಅಷ್ಟೆ." ಮೈಯೆಲ್ಲ ಉರಿದುಹೋಯಿತು.

ಮನೆಗೆ ಬಂದವಳೇ, "ಎಷ್ಟು ಬೇಕು ಹೇಳಿಬಿಡ್ರೀ!" ಎಂದು ಕೂಗಾಡಿದೆ. ಅವರು ಸೊಪ್ಪು ಬಿಡಿಸುತ್ತಿದ್ದರು.

"ದುಡ್ಡು ನೀನೇ ಇಟ್ಕೋ. ಮಗಳು ಈಗಲೇ ನಂಗೆ ಜಪಾನಿಯಲ್ಲಿ ಉತ್ತರ ಕೊಡ್ತಾಳೆ. ನಂಗದು ತಲೆಗೆ ಹತ್ತಲ್ಲ. ಹೀಗೇ ಬಿಟ್ರೆ ಅವಳಿಗೆ ನಾನ್ಯಾರೋ ಆಗಿಬಿಡ್ತೀನಿ. ನಾನು ಊರಿಗೆ ಹೋದ್ಮೇಲೆ ಪ್ರತಿ ಭಾನುವಾರ ಫೋನಲ್ಲಿ ಅವಳ ಕೈಲಿ ನನ್ನ ಹತ್ರ ಕನ್ನಡ ಮಾತಾಡಿಸು. ಅದೇ ನನ್ನ ಜೀವನಾಂಶ."

ನಾಚಿಕೆಯಾಯಿತು. ಒಪ್ಪಿದೆ.

ಬೆಂಗಳೂರಿನಲ್ಲಿ ವಿಚ್ಛೇದನ ಮುಗಿಯಿತು, ಅವರು ಅಲ್ಲೇ ಉಳಿದರು. ಭಾನುವಾರ ಬೆಳಿಗ್ಗೆ ಬೀದಿ ಮೂಲೆಯ ಕೊಂಬಿನಿ ಅಂಗಡಿಯಿಂದ ಫೋನ್ ಕಾರ್ಡ್ ತಂದು ನಂಬರ್ ಒತ್ತುವುದು ನನ್ನ ಕೆಲಸ. ಮೊದಮೊದಲು ಮಗಳದ್ದು ಬರೀ "ಹೂಂ". ಆಮೇಲೆ ಬಾಯಿ ಬಂತು ನೋಡಿ, ಕಾರ್ಡೇ ಸಾಲದು! ಪಕ್ಕದಲ್ಲಿ ಕಾಫಿ ಕುಡಿಯುತ್ತ ಕೂರುತ್ತಿದ್ದೆ. ಜಗಳವಿಲ್ಲದ ಮನೆ, ನಿಜಕ್ಕೂ ಹಾಯಾಗಿದ್ದೆ.

ಮೂರು ವರ್ಷದ ನಂತರ ಒಂದು ಭಾನುವಾರ ಅವರು, "ಮಗಳಿಗೆ ಕೊಡಬೇಡ, ಸ್ವಲ್ಪ ಇರು" ಎಂದರು. "ಮುಂದಿನ ತಿಂಗಳು ನನ್ನ ಮದುವೆ."

"ಒಳ್ಳೇದಾಯ್ತು ಕಣ್ರೀ!" ಎಂದೆ. ಮನಸಾರೆ ಹೇಳಿದ್ದೆ.

ಅವರು ಸಣ್ಣ ದನಿಯಲ್ಲಿ, "ಮದುವೆಯಾದ್ರೆ ಜೀವನಾಂಶ ನಿಲ್ಲುತ್ತೆ, ಅಲ್ವಾ?" ಎಂದರು.

"ಅದು ಅಲ್ಲಿನ ಕಾನೂನು. ನಾವಿರೋದು ಕೋಬೆಯಲ್ಲಿ" ಎಂದೆ.

ಅಷ್ಟರಲ್ಲಿ ಮಗಳು ಫೋನ್ ಕಿತ್ತುಕೊಂಡಳು. "ಅಪ್ಪಾ, ಅಮ್ಮನ ಹತ್ರ ಏನು ಅಷ್ಟು ಹೊತ್ತು? ಇದು ನನ್ ಟೈಮು!"