ನನ್ನ ಅಕಾರಾದಿ ತಪ್ಪಿಸಿದ ಹನ್ನೆರಡರ ಬಸ್ಸು

೧೯೮೮ರ ಬೇಸಿಗೆ. ಗ್ರಂಥಾಲಯ ವಿಜ್ಞಾನದ ಪದವಿ ಮುಗಿಸಿ ಬೆಂಗಳೂರಿನಿಂದ ಚಿಂತಾಮಣಿಗೆ ವಾಪಸು ಬಂದು ಕೆಲಸದ ಆರ್ಡರಿಗೆ ಕಾಯುತ್ತಿದ್ದೆ. ನಮ್ಮ ತಂದೆಯ ಸ್ನೇಹಿತ ಅಶ್ವತ್ಥಪ್ಪನವರದು ಬಸ್ ನಿಲ್ದಾಣದ ಹತ್ತಿರ ಒಂದು ಫೋಟೋ ಸ್ಟುಡಿಯೋ. ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ವಾಸಿಯಾಗುವವರೆಗೆ ನಾನು ಸ್ಟುಡಿಯೋ ಬಾಗಿಲು ತೆಗೆದಿರಬೇಕು, ಹಳೇ ಗಿರಾಕಿಗಳು ಕಾಪಿ ಕೇಳಿದರೆ ಹಾಕಿಕೊಡಬೇಕು. ಪ್ರಿಂಟ್ ಹಾಕುವುದನ್ನು ಅವರೇ ನನಗೆ ಕಲಿಸಿದ್ದರು.

ಅಲ್ಲಿನ ನೆಗೆಟಿವ್‌ಗಳನ್ನು ನೋಡಿ ನನಗೆ ನಗು ಬಂದಿತ್ತು. ಹದಿನೈದು ವರ್ಷದ ನೆಗೆಟಿವ್‌ಗಳು ಬಿಸ್ಕತ್ತಿನ ತಗಡಿನ ಡಬ್ಬಗಳಲ್ಲಿದ್ದವು. ಡಬ್ಬದ ಮೇಲೆ ಏನೂ ಬರೆದಿರಲಿಲ್ಲ. ಒಳಗಿನ ಕವರುಗಳ ಮೇಲೆ ಫೋಟೋ ತೆಗೆಸಿದವರ ಹೆಸರು ಮಾತ್ರ. ನಾನು ಎರಡು ವಾರ ಕೂತು ಎಲ್ಲ ಕವರುಗಳನ್ನೂ ಹೊರಗೆ ತೆಗೆದು, ಅಕಾರಾದಿಯಾಗಿ ಮರದ ಟ್ರೇಗಳಲ್ಲಿ ಜೋಡಿಸಿದೆ. ಒಂದೊಂದು ಹೆಸರಿಗೂ ಒಂದೊಂದು ಕಾರ್ಡು ಬರೆದೆ. ಖಾಲಿ ಡಬ್ಬಗಳನ್ನು ಹಳೇ ಸಾಮಾನಿನವನಿಗೆ ಕೊಟ್ಟುಬಿಟ್ಟೆ. ಕಣ್ಣಿನ ಪಟ್ಟಿ ಬಿಚ್ಚಿದ ದಿನ ತೋರಿಸಿದರಾಯಿತು ಎಂದು ಅಶ್ವತ್ಥಪ್ಪನವರಿಗೆ ಹೇಳಿರಲಿಲ್ಲ.

ಒಂದು ಶುಕ್ರವಾರ ಹನ್ನೊಂದು ಗಂಟೆಯ ಸುಮಾರಿಗೆ ಮೂವತ್ತರ ಆಸುಪಾಸಿನ ಒಬ್ಬರು ಏದುಸಿರು ಬಿಡುತ್ತಾ ಒಳಗೆ ಬಂದರು. ಹೆಸರು ನಾರಾಯಣಸ್ವಾಮಿ, ಶಿಡ್ಲಘಟ್ಟದ ಕಡೆಯವರು. ತಾಯಿಯನ್ನೂ ತಂಗಿ ರತ್ನಮ್ಮನನ್ನೂ ಕರೆದುಕೊಂಡು ಬೆಳಿಗ್ಗೆ ಮುರುಗಮಲ್ಲದ ದರ್ಗಾಕ್ಕೆ ಬಂದಿದ್ದರಂತೆ. ರತ್ನಮ್ಮನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ. ತಾಯಿ ಅವಳ ಹೆಸರಿನಲ್ಲಿ ಹರಕೆ ಹೊತ್ತಿದ್ದರು. ಜನರ ಮಧ್ಯೆ ಅವಳು ತಪ್ಪಿಹೋದಳು. ಹೂವು ಮಾರುವವಳೊಬ್ಬಳು, ಅಂಥ ಹೆಂಗಸು ಆಂಧ್ರದ ಮದನಪಲ್ಲಿ ಕಡೆ ಬಸ್ಸು ಹತ್ತಿದ್ದನ್ನು ನೋಡಿದೆ ಅಂದಳಂತೆ. ವಾಪಸು ಬಂದರೆ ಎಂದು ತಾಯಿ ದರ್ಗಾದ ಹತ್ತಿರವೇ ಕೂತಿದ್ದರು.

"ಪೊಲೀಸಿನೋರು ಫೋಟೋ ತಗೊಂಬಾ ಅಂದ್ರು ಮೇಡಂ. ಹೆಸರು ಹೇಳೋಕೆ ಬರಲ್ಲ ಅವಳಿಗೆ. ಫೋಟೋ ಇಲ್ದೆ ಆ ಕಡೆ ಹೋಗಿ ಯಾರನ್ನ ಏನಂತ ಕೇಳಲಿ?"

ಮೂರು ವರ್ಷದ ಹಿಂದೆ ರತ್ನಮ್ಮ ಚಿಂತಾಮಣಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು, ರೇಷ್ಮೆ ನೂಲು ತೆಗೆಯುವ ಕಾರ್ಖಾನೆಗೆ ಹೋಗುತ್ತಿದ್ದಳು. ಆಗ ಕಾರ್ಖಾನೆಯವರು ಗುರುತಿನ ಚೀಟಿಗೆಂದು ಇದೇ ಸ್ಟುಡಿಯೋದಲ್ಲಿ ಫೋಟೋ ತೆಗೆಸಿದ್ದರು. ಅವಳ ಜೀವನದಲ್ಲಿ ತೆಗೆದದ್ದು ಅದೊಂದೇ. ಚೀಟಿ ಎಲ್ಲೋ ಹೋಯಿತು, ಚಿಕ್ಕಮ್ಮ ತೀರಿಕೊಂಡರು, ಕಾರ್ಖಾನೆಯೂ ಮುಚ್ಚಿತು. ಮದನಪಲ್ಲಿಗೆ ಹೋಗುವ ಬಸ್ಸು ಹನ್ನೆರಡಕ್ಕಿತ್ತು. ಅದು ತಪ್ಪಿದರೆ ಮುಂದಿನದು ಎರಡಕ್ಕೆ.

ನಿಜ ಹೇಳಬೇಕೆಂದರೆ, ಅವರ ಗಾಬರಿ ನೋಡುತ್ತಲೇ ನನ್ನೊಳಗೆ ಒಂದು ಸಂತೋಷವೂ ಆಯಿತು. ನನ್ನ ಕಾರ್ಡುಗಳಿಗೆ ಇದು ಮೊದಲ ಪರೀಕ್ಷೆ. "ಐದು ನಿಮಿಷ, ಕೂತ್ಕೊಳಿ" ಅಂದೆ. 'ರ' ತೆಗೆದೆ. ಎಂಟು ರತ್ನಮ್ಮಂದಿರು ಸಿಕ್ಕರು. ಮುದುಕಿಯರು, ಶಾಲೆ ಮಕ್ಕಳು, ಮದುವೆ ಜೋಡಿಗಳು; ಒಬ್ಬಳೂ ಅವಳಲ್ಲ. ಅಣ್ಣನ ಹೆಸರಿನಲ್ಲಿ ನೋಡಿದೆ, ತೀರಿಹೋದ ಅಪ್ಪನ ಹೆಸರು ಕೇಳಿ ನೋಡಿದೆ, ಚಿಕ್ಕಮ್ಮನ ಹೆಸರು ಕೇಳಿ ನೋಡಿದೆ. ನಾರಾಯಣಸ್ವಾಮಿ ಕೂರಲಿಲ್ಲ. ಬಾಗಿಲ ಹತ್ತಿರ ನಿಂತು ಒಂದು ಸಲ ರಸ್ತೆ ನೋಡುವರು, ಒಂದು ಸಲ ನನ್ನ ಕೈ ನೋಡುವರು. ಹನ್ನೆರಡರ ಬಸ್ಸು ಹಾರ್ನ್ ಹಾಕುತ್ತಾ ಸ್ಟುಡಿಯೋ ಮುಂದೆಯೇ ಹೋಯಿತು.

ಆಮೇಲೆ ನಾನು ಹಿಂದಿನ ಬೀದಿಯಲ್ಲಿದ್ದ ಅಶ್ವತ್ಥಪ್ಪನವರ ಮನೆಗೆ ಓಡಿದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಜಗಲಿಯ ಮೇಲೆ ಕೂತಿದ್ದರು. ವಿಷಯ ಹೇಳಿದೆ. ಅವರು ಹೆಸರು ಕೇಳಲೇ ಇಲ್ಲ. "ಯಾರು ಕರ್ಕೊಂಡು ಬಂದಿದ್ರು ಆ ಹೆಣ್ಣುಮಗಳನ್ನ?" ಅಂದರು. ಕಾರ್ಖಾನೆಯವರು ಅಂದೆ.

"ಅಷ್ಟೇ ತಾನೆ. ಕೆಳಗಿನ ಅರೆ, ಗೋಡೆ ಕಡೆಯಿಂದ ಎರಡನೇ ಡಬ್ಬ. ಫ್ಯಾಕ್ಟರಿಯೋರದೆಲ್ಲ ಅದರಲ್ಲೇ ಅವೆ. ಹೋಗು, ಹತ್ತು ನಿಮಿಷದ ಕೆಲಸ."

ನಾನು ನಿಂತೇ ಇದ್ದೆ. ಹೋಗಲಿಲ್ಲ ಅನ್ನುವುದು ಅವರಿಗೆ ಗೊತ್ತಾಯಿತು. "ಏನಮ್ಮಣ್ಣಿ?" ಅಂದರು. ಕವರುಗಳನ್ನೆಲ್ಲ ಹೆಸರಿನ ಪ್ರಕಾರ ಬೇರೆ ಜೋಡಿಸಿದ್ದನ್ನು ಹೇಳಿದೆ. ಅವರು ಪಟ್ಟಿಯ ಅಂಚನ್ನು ಬೆರಳಿನಿಂದ ಒತ್ತಿಕೊಂಡರು.

"ಡಬ್ಬ ಎಲ್ಲಿ ಅವೆ?"

"ಮಾರಿಬಿಟ್ಟೆ."

"ಹದಿನೈದು ವರ್ಷ ನಾನು ಕತ್ತಲಲ್ಲೂ ಕೈ ಹಾಕಿ ತೆಗೀತಿದ್ದೆ ಕಣಮ್ಮ. ಈಗ ನೀನು ಬೆಳಕಲ್ಲೇ ನನ್ನ ಕುರುಡನ್ನ ಮಾಡ್ದೆ." ಅಷ್ಟು ಹೇಳಿ ಎದ್ದು ಚಪ್ಪಲಿಗಾಗಿ ಕಾಲಾಡಿಸಿದರು. ಬಿಸಿಲಿಗೆ ಹೋಗಬೇಡಿ ಅಂತ ಡಾಕ್ಟರು ಹೇಳಿದ್ದಾರೆ ಎಂದು ಅವರ ಹೆಂಡತಿ ಗೊಣಗಿದರು. ಕೇಳಿಸಿಕೊಳ್ಳದೆ ನನ್ನ ಭುಜ ಹಿಡಿದು ನಡೆದರು.

ಸ್ಟುಡಿಯೋದಲ್ಲಿ ನೆಲದ ಮೇಲೆ ಕೂತು, ಟ್ರೇಗಳನ್ನು ಒಂದೊಂದಾಗಿ ಮುಂದೆ ಇಡಿಸಿಕೊಂಡರು. ಫ್ಯಾಕ್ಟರಿಯವರು ಒಂದೇ ಸಲ ಹತ್ತು ಹನ್ನೆರಡು ಜನರನ್ನು ಕರೆತರುತ್ತಿದ್ದರು, ಇಡೀ ರೋಲು ಒಂದೇ ಕವರಿಗೆ ಹೋಗುತ್ತಿತ್ತು, ಹಾಗಾಗಿ ಕವರು ದಪ್ಪ. ಹೆಬ್ಬೆರಳಿನಿಂದ ಕವರುಗಳ ಮೇಲೆ ಸವರುತ್ತಾ ದಪ್ಪನೆಯವನ್ನು ಎತ್ತಿ ಕೊಡುತ್ತಾ ಹೋದರು. ನಾನು ಕಿಟಕಿಗೆ ಹಿಡಿದು ನಾರಾಯಣಸ್ವಾಮಿಯವರಿಗೆ ತೋರಿಸಿದೆ. ಮದುವೆಯವು ಹೋದವು, ಶಾಲೆಯವು ಹೋದವು. ಬರೀ ಹೆಂಗಸರ ಮುಖಗಳಿದ್ದ ಆರೇಳು ಕವರು ಉಳಿದವು.

ಆದರೆ ನೆಗೆಟಿವ್‌ನಲ್ಲಿ ಎಲ್ಲರಿಗೂ ಬಿಳೀ ಕೂದಲು, ಕಪ್ಪು ಮುಖ. ನಾರಾಯಣಸ್ವಾಮಿ ಎಲ್ಲವನ್ನೂ ನೋಡಿ ತಲೆ ಅಲ್ಲಾಡಿಸಿದರು. "ಇದರಲ್ಲಿ ಇಲ್ಲ" ಅಂದರು. ಆಮೇಲೆ, "ಗೊತ್ತಾಗ್ತಾ ಇಲ್ಲ ಸಾಮಿ, ನನ್ನ ತಂಗಿ ನನಗೇ ಗೊತ್ತಾಗ್ತಾ ಇಲ್ಲ" ಎಂದು ಗೋಡೆಗೆ ಒರಗಿ ಕೂತುಬಿಟ್ಟರು. ಗಂಟೆ ಒಂದಾಗಿತ್ತು.

ಅಶ್ವತ್ಥಪ್ಪನವರು ಅವರನ್ನು ಮನೆಮಾತು ತೆಲುಗಿನಲ್ಲಿ ಮೆಲ್ಲಗೆ ಮಾತಾಡಿಸಿದರು. ಮುಖ ಬಿಡಪ್ಪ, ಅವಳ ರೀತಿ ಹೇಳು, ಯಾರಾದರೂ ನೋಡಿದರೆ ಏನು ಮಾಡುತ್ತಾಳೆ ಎಂದು ಕೇಳಿದರು. ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ ಎಂದು ಅವರು ಹೇಳಿದರು. ಮುದುಕರ ಕೈ ಹಾಗೇ ನಿಂತಿತು.

"ಅವಳಾ? ಕೈ ತೆಗಿ ಕೈ ತೆಗಿ ಅಂತ ಎಷ್ಟು ಕೂಗಿದೆ. ತೆಗೀಲೇ ಇಲ್ಲ. ಒಂದು ಫಿಲಂ ದಂಡ ಆಯ್ತು ಅಂತ ಎಲ್ಲರೆದುರಿಗೆ ಬೈದೆ. ಕಿವಿ ಕೇಳಲ್ಲ ಅಂತ ಯಾರೂ ಒಂದು ಮಾತು ಹೇಳಲಿಲ್ಲವಲ್ಲಪ್ಪ." ನನ್ನ ಕಡೆ ತಿರುಗಿ, "ಒಬ್ಬಳೇ ಎರಡು ಸಲ ಇರ್ತಾಳೆ ನೋಡು. ಒಂದರಲ್ಲಿ ಬಾಯಿ ಮೇಲೆ ಕೈ" ಅಂದರು.

ನಾವು ಆಗಲೇ ನೋಡಿ ಪಕ್ಕಕ್ಕಿಟ್ಟಿದ್ದ ಮೂರನೇ ಕವರಿನಲ್ಲಿ ಅವಳು ಇದ್ದಳು. ಕಾರ್ಖಾನೆಯ ಮೇಸ್ತ್ರಿಯ ಹೆಸರಿನ ಕೆಳಗೆ, 'ಗ' ಅಕ್ಷರದಲ್ಲಿ. ಅಣ್ಣ ಗುರುತಿಸದೆ ಹೋದರೋ, ನಾನೇ ಅವಸರದಲ್ಲಿ ಆ ತುಂಡನ್ನು ತೋರಿಸದೆ ದಾಟಿಸಿದೆನೋ, ಇವತ್ತಿಗೂ ಖಾತ್ರಿಯಿಲ್ಲ. ಕತ್ತಲೆ ಕೋಣೆಯಲ್ಲಿ ಪ್ರಿಂಟ್ ಹಾಕಿದೆ. ಡೆವಲಪರ್ ತುಂಬಿದ ಟ್ರೇಯಲ್ಲಿ ಕಾಗದದ ಮೇಲೆ ಮೊದಲು ಕಣ್ಣು ಮೂಡಿದವು, ಆಮೇಲೆ ಗಲ್ಲ. ಪಕ್ಕದಲ್ಲಿ ನಿಂತಿದ್ದ ನಾರಾಯಣಸ್ವಾಮಿ ಸದ್ದಿಲ್ಲದೆ ಅಳತೊಡಗಿದರು. ಎಂಟು ಕಾಪಿಗಳನ್ನು ಪಂಚೆಯಲ್ಲಿ ಒತ್ತಿ ಒರೆಸಿ, ಇನ್ನೂ ಒದ್ದೆಯಿದ್ದಂತೆಯೇ ಹಿಡಿದುಕೊಂಡು ಎರಡರ ಬಸ್ಸಿಗೆ ಓಡಿದರು.

ಭಾನುವಾರ ಅಣ್ಣ, ತಾಯಿ, ರತ್ನಮ್ಮ ಮೂವರೂ ಬಂದರು. ಫೋಟೋ ನೋಡಿದ ಒಬ್ಬ ಕಂಡಕ್ಟರು ಗುರುತು ಹಿಡಿದಿದ್ದ. ಶನಿವಾರ ಬೆಳಿಗ್ಗೆ ಅವಳು ಮದನಪಲ್ಲಿಯಿಂದ ಆಚೆಗಿನ ಒಂದು ಹಳ್ಳಿಯ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದಳು. ತಾಯಿ ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಅಶ್ವತ್ಥಪ್ಪನವರು ಅವಳ ಮುಂದೆ ಕೈ ಮುಗಿದರು. ಯಾಕೆಂದು ತಿಳಿಯದೆ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮಾತಿನ ನಡುವೆ ನಾರಾಯಣಸ್ವಾಮಿ ಇನ್ನೊಂದು ವಿಷಯ ಹೇಳಿದರು. ಮೂರು ಗಂಟೆಯವರೆಗೂ ಅವಳು ಮದನಪಲ್ಲಿ ನಿಲ್ದಾಣದಲ್ಲೇ ಕೂತಿದ್ದಳು ಎಂದು ಅಲ್ಲಿನ ಟೀ ಅಂಗಡಿಯವರು ಹೇಳಿದರಂತೆ. ಇವರ ಬಸ್ಸು ಮುಟ್ಟುವ ಹೊತ್ತಿಗೆ ಎದ್ದು ಹೋಗಿದ್ದಳು. ಅವರು ಅದನ್ನು ದೂರಿನಂತೆ ಹೇಳಲಿಲ್ಲ.

ಆಮೇಲೆ ನಾನು ಕಾರ್ಡುಗಳನ್ನೆಲ್ಲ ಮತ್ತೆ ಬರೆದೆ. ಯಾರ ಜೊತೆ ಬಂದರು, ಯಾವ ಊರು, ಏನು ಕೆಲಸಕ್ಕೆ, ಗುರುತೇನು ಎಂದು ಅಶ್ವತ್ಥಪ್ಪನವರು ಹೇಳಿದಂತೆ ಒಂದೊಂದನ್ನೂ ಸೇರಿಸಿದೆ. ಮುಂದೆ ಗ್ರಂಥಾಲಯದ ಕೆಲಸದಲ್ಲೂ ಹಾಗೇ ಮಾಡುತ್ತಾ ಬಂದೆ. ಬಂದವರನ್ನು ಹೆಸರಿನ ಜೊತೆ ಇನ್ನೂ ನಾಲ್ಕು ಮಾತು ಕೇಳುತ್ತೇನೆ.

ಇದನ್ನು ಬರೆಯುವ ಮೊದಲು ಆ ವರ್ಷದ ದಿನಚರಿ ತೆಗೆದು ನೋಡಿದೆ. 'ಪಟ್ಟಿಯಲ್ಲಿ ಸಿಗಲಿಲ್ಲ, ಕೂಡಲೇ ಅಶ್ವತ್ಥಪ್ಪನವರನ್ನು ಕರೆತಂದೆ' ಎಂದಿದೆ. ಅಕ್ಷರ ನನ್ನದೇ. ಆದರೆ ಆ ಬಸ್ಸಿನ ಹಾರ್ನ್ ನನಗೆ ನೆನಪಿದೆ. ಆಗ ನನ್ನ ಕೈಯಲ್ಲಿ ಇನ್ನೂ ಕಾರ್ಡುಗಳಿದ್ದವು.

ಆ ಶುಕ್ರವಾರ ರಾತ್ರಿಯೆಲ್ಲ ರತ್ನಮ್ಮ ಎಲ್ಲಿದ್ದಳು, ಹೇಗಿದ್ದಳು ಎಂದು ಯಾರಿಗೂ ಗೊತ್ತಾಗಲಿಲ್ಲ. ಅವಳು ಹೇಳುವ ಹಾಗಿರಲಿಲ್ಲ.