ಕೊನೆಯ ತಾರೀಖಿನ ಪಾಳಿ

ಮೊನ್ನೆ ಕುಷ್ಟಗಿಯ ಬಸ್ ನಿಲ್ದಾಣದಲ್ಲಿ ಹುರಿದ ಶೇಂಗಾದ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಕರೆಂಟ್ ಬಿಲ್ ನೆನಪಾಯಿತು. ನಿಮಗೆ ಶೇಂಗಾ ಅಂದರೆ ಚಟ್ನಿ ನೆನಪಾಗಬಹುದು, ಹೋಳಿಗೆ ನೆನಪಾಗಬಹುದು. ನನ್ನ ತಲೆ ಮಾತ್ರ ನೆಟ್ಟಗೆ ಮೀಟರ್ ಬೋರ್ಡಿಗೆ ಹೋಗುತ್ತದೆ. ಶಿಕ್ಷಕರ ತರಬೇತಿ ಮುಗಿಸಿಕೊಂಡು ಕೊಪ್ಪಳದ ಬಸ್ಸಿಗೆ ಕಾಯುತ್ತಿದ್ದೆ. ಒಂದು ಪೊಟ್ಟಣ ಕೊಂಡು, ಬಾಯಾಡಿಸುತ್ತಲೇ ಮೊಬೈಲ್ ತೆಗೆದು ಆ ತಿಂಗಳ ಬಿಲ್ ಕಟ್ಟಿಬಿಟ್ಟೆ. ಅದು ಬಂದದ್ದೇ ಅವತ್ತು ಬೆಳಿಗ್ಗೆ. ನನ್ನ ಚಿಗವ್ವ ಇದನ್ನು ನೋಡಿದ್ದರೆ ಹಣೆ ಮುಟ್ಟಿ ಜ್ವರ ಬಂದಿದೆಯೇ ಎಂದು ಪರೀಕ್ಷಿಸುತ್ತಿದ್ದಳು.

ಚಿಗವ್ವ ಅಂದರೆ ಅವ್ವನ ತಂಗಿ ಗೌರವ್ವ. ಕೊಪ್ಪಳ ಜಿಲ್ಲೆಯಾದ ಹೊಸತರಲ್ಲಿ, ಹೈಸ್ಕೂಲು ಓದಲಿ ಎಂದು ನನ್ನನ್ನು ಹುಲಿಹೈದರದಿಂದ ಕರೆತಂದು ಕೊಪ್ಪಳದ ಅವಳ ಮನೆಯಲ್ಲಿ ಬಿಟ್ಟರು. ಅವಳ ಗಂಡ, ನಮ್ಮ ಕಾಕಾ, ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದ. ಹೀಗಾಗಿ ರೇಷನ್ನು, ನಳದ ನೀರು, ಕರೆಂಟು ಎಲ್ಲವೂ ಚಿಗವ್ವನದೇ ಕಾರುಬಾರು. ಬಿಲ್ ಬಂದ ದಿನವೇ ಅದನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿ, ಅಷ್ಟೂ ದುಡ್ಡನ್ನು ಜೋಳದ ಡಬ್ಬಿಯ ಕೆಳಗೆ ತೆಗೆದಿಡುತ್ತಿದ್ದಳು. ಕಟ್ಟುವುದು ಮಾತ್ರ ಕೊನೆಯ ತಾರೀಖಿಗೆ.

"ರೊಕ್ಕ ಐತಲ್ಲ ಚಿಗವ್ವಾ, ಇವತ್ತ ಕಟ್ಟಿ ಬಂದ್ರ ಆಗೂದಿಲ್ಲೇನು?" ಎಂದು ಒಮ್ಮೆ ಕೇಳಿದ್ದೆ.

"ಇವತ್ತ ಹೋದ್ರ ಅಲ್ಲಿ ಯಾರಿರ್ತಾರ? ಬರೇ ಕುರ್ಚಿ ಇರ್ತಾವ. ಕೊನಿ ತಾರೀಖು ಅಂತ ಯಾಕ ಬರದಾರ ಹೇಳು? ಆವತ್ತ ಬರ್ರಿ ಅಂತ!"

ಬಿಲ್ಲನ್ನು ಅವಳು ಲಗ್ನಪತ್ರಿಕೆಯ ಹಾಗೆ ಓದುತ್ತಿದ್ದಳು. ಅವತ್ತು ಮದುವೆಗೆ ಉಡುವ ಸೀರೆಯೇ ಆಗಬೇಕು. ಬೆಳಿಗ್ಗೆ ಶೇಂಗಾ ಹುರಿದು, ಬಿಸಿ ಇರುವಾಗಲೇ ಬಟ್ಟೆಯಲ್ಲಿ ಗಂಟು ಕಟ್ಟಿ ನನ್ನ ಕೈಗೆ ಕೊಡುತ್ತಿದ್ದಳು. ನನಗೆ ಶಾಲೆ ತಪ್ಪಿಸುವ ಖುಷಿ, ಅವಳಿಗೆ ಪೇಟೆಯ ಖುಷಿ.

ಕರೆಂಟ್ ಆಫೀಸಿನಲ್ಲಿ ಸಾಲುಗಟ್ಟಿ ನಿಂತ ಗಂಡಸರ ಪಾಳಿ ಗೇಟು ದಾಟಿ ರಸ್ತೆಗೆ ಬಂದಿರುತ್ತಿತ್ತು. ಹೆಂಗಸರ ಪಾಳಿಯಲ್ಲಿ ನಾವು ನಾಲ್ಕಾರು ಮಂದಿ. ಚಿಗವ್ವ ಗೇಟಿನಲ್ಲಿ ಕಾಣಿಸಿಕೊಂಡಳೆಂದರೆ ಗಂಡಸರ ಪಾಳಿಗೆ ಜೀವ ಬರುತ್ತಿತ್ತು. "ಯಕ್ಕಾ, ನಂದೂ ಒಂದ ಕಟ್ರಿ" ಎಂದು ಎಲ್ಲ ಕಡೆಯಿಂದ ಬಿಲ್ಲುಗಳು ಚಾಚಿಕೊಳ್ಳುತ್ತಿದ್ದವು. ಅವಳೇನು ಪುಕ್ಕಟೆ ಕಟ್ಟುತ್ತಿರಲಿಲ್ಲ. ಒಂದು ಬಿಲ್ಲಿಗೆ ಒಂದು ಸುದ್ದಿ ಕೊಡಬೇಕು. ಯಾರ ಮಗಳಿಗೆ ಯಲಬುರ್ಗಾದ ವರ ಗಟ್ಟಿಯಾದ, ಯಾರ ಎಮ್ಮೆ ಈಯಿತು, ಯಾವ ಅತ್ತೆ-ಸೊಸೆ ಬೇರೆ ಒಲೆ ಹೂಡಿದರು, ಎಲ್ಲ ಅಲ್ಲಿಯೇ ಜಮೆಯಾಗುತ್ತಿತ್ತು. ಚಿಲ್ಲರೆ ಲೆಕ್ಕ ನನ್ನ ಪಾಲಿಗೆ. ಗಣಿತದಲ್ಲಿ ನಾನು ಪಾಸಾದದ್ದಕ್ಕೆ ಮಾಸ್ತರರಿಗಿಂತ ಆ ಪಾಳಿಗೇ ಹೆಚ್ಚು ಪುಣ್ಯ ಸಲ್ಲಬೇಕು.

ಹೀಗೆ ಬಿಲ್ ಚಾಚುವವರಲ್ಲಿ ಬಳೆ ಅಂಗಡಿಯ ಹುಸೇನಸಾಬರೂ ಒಬ್ಬರು. ಅವರು ಯಾವಾಗಲೂ ಪಾಳಿಯ ಬಾಲದಲ್ಲಿಯೇ ಇರುತ್ತಿದ್ದರು. ಅವರ ಸುದ್ದಿಗಳೂ ಛಲೋ ಇರುತ್ತಿದ್ದವು. ಬಳೆ ಇಡಿಸಿಕೊಳ್ಳಲು ಕೂತ ಹೆಂಗಸರು ಏನನ್ನು ತಾನೇ ಬಾಯಿಬಿಡುವುದಿಲ್ಲ! ನನಗೆ ಮಾಸ್ತರಿಕೆ ಸಿಕ್ಕಾಗ ಊರಿಗೆ ಹೊಂದಿಕೊಂಡ ಭಾಗ್ಯನಗರದಲ್ಲಿದ್ದ ತಮ್ಮ ಎರಡು ಕೋಣೆಯ ಮನೆಯನ್ನು "ಗೌರಕ್ಕನ ಹುಡುಗಿ" ಎಂಬ ಒಂದೇ ಕಾರಣಕ್ಕೆ ಬಾಡಿಗೆಗೆ ಕೊಟ್ಟರು. ಅಲ್ಲಿ ನಾನೊಬ್ಬಳೇ ಇದ್ದೇನೆ. ಮದುವೆಯ ಮಾತು ಎತ್ತಿದವರಿಗೆಲ್ಲ ಚಿಗವ್ವ, "ಆಕಿ ಕೊನಿ ತಾರೀಖು ಇನ್ನೂ ಬಂದಿಲ್ಲ" ಎಂದು ಹೇಳಿ ಕಳಿಸುತ್ತಿದ್ದಳು.

ವರ್ಷಗಳು ಕಳೆದವು. ಕರೆಂಟ್ ಬಿಲ್ಲು ಮೊಬೈಲಿಗೆ ಬರತೊಡಗಿತು, ನಾನು ಸ್ಕೂಟಿ ಕೊಂಡೆ. ಒಂದು ದಿನ ಹುಸೇನಸಾಬರು ಬಂದು ಕಟ್ಟೆಯ ಮೇಲೆ ಕೂತು ಚಹಾ ಕುಡಿದರು. "ಮನಿ ಮಾರಬೇಕಂತ ಮಾಡೀನವಾ. ಗಂಗಾವತಿಯಾಗ ಮಗಳ ಮನಿ ಬಾಜೂಕ ಇರ್ತೀನಿ. ಕಾರಟಗಿಯವರೊಬ್ರು ರೊಕ್ಕ ಹಿಡಕೊಂಡ ಕುಂತಾರ. ಆದ್ರ ಮೊದ್ಲ ನಿನ್ನ ಕೇಳ್ತೀನಿ" ಎಂದರು.

ಆ ಮನೆ ನನಗೆ ಬೇಕಾಗಿತ್ತು. ಹಿತ್ತಲಿನ ಕರಿಬೇವು ನಾನು ನೆಟ್ಟದ್ದು, ಅಡುಗೆಮನೆಯ ಗೋಡೆಯ ಹಲಗೆಗಳು ನಾನು ಹೊಡೆಸಿದ್ದು. ನನ್ನದಾಗಲಿ ಎಂದು ನಾನು ಜೀವಮಾನದಲ್ಲಿ ಮನಸ್ಸುಬಿಚ್ಚಿ ಆಸೆಪಟ್ಟ ವಸ್ತು ಅದೊಂದೇ. ಮರುದಿನವೇ ಸಾಲ ಕೇಳಲು ಬ್ಯಾಂಕಿಗೆ ಓಡಿದೆ.

ಮ್ಯಾನೇಜರು ಹಾಸನದ ಕಡೆಯ ಹುಡುಗ, ಮಾತು ಮೆದು. ಕಂಪ್ಯೂಟರ್ ನೋಡಿ, "ನಿಮ್ಮ ಕ್ರೆಡಿಟ್ ಸ್ಕೋರ್ ಆರುನೂರ ಹತ್ತಿದೆ ಮೇಡಂ" ಎಂದ.

"ಎಷ್ಟಕ್ಕೆ?" ಎಂದೆ, ಮಾಸ್ತರಿಣಿಯ ಅಭ್ಯಾಸ.

"ಒಂಬೈನೂರಕ್ಕೆ."

ಮನಸ್ಸಿನಲ್ಲಿಯೇ ಭಾಗಿಸಿದೆ. "ಹಂಗಾದ್ರ ಫಸ್ಟ್ ಕ್ಲಾಸ್ ಆತಲ್ರಿ!"

ಅವನು ನಗು ತಡೆದುಕೊಂಡ. "ಇಲ್ಲಿ ಇದು ಫೇಲ್ ಮೇಡಂ."

ಆಗಿದ್ದು ಇಷ್ಟು. ನನ್ನ ಸಂಬಳ ಒಂದು ಬ್ಯಾಂಕಿಗೆ ಬರುತ್ತದೆ, ಸ್ಕೂಟಿಯ ಕಂತು ಇನ್ನೊಂದು ಬ್ಯಾಂಕಿನ ಖಾತೆಯಿಂದ ಹೋಗುತ್ತದೆ. ಕಂತಿನ ಕೊನೆಯ ದಿನ ಐದನೆಯ ತಾರೀಖು. ಚಿಗವ್ವನ ಶಿಷ್ಯೆಯಾದ ನಾನು ಪ್ರತಿ ಐದನೆಯ ತಾರೀಖಿನ ಸಂಜೆ, ಶಾಲೆ ಬಿಟ್ಟ ಮೇಲೆ, ಠೀವಿಯಿಂದ ಹೋಗಿ ಆ ಖಾತೆಗೆ ದುಡ್ಡು ತುಂಬಿ ಬರುತ್ತಿದ್ದೆ. ಕಂಪ್ಯೂಟರ್ ಬೆಳಿಗ್ಗೆಯೇ ಬಂದು, ಖಾತೆ ಖಾಲಿ ಇರುವುದನ್ನು ಕಂಡು ಹೋಗಿಬಿಟ್ಟಿರುತ್ತಿತ್ತು. ಮತ್ತೆ ಬಂದು ದುಡ್ಡು ತೆಗೆದುಕೊಳ್ಳುವ ಹೊತ್ತಿಗೆ ದಿನಗಳು ಕಳೆದು, 'ತಡವಾಗಿ ಕಟ್ಟಿದವಳು' ಎಂದು ನನ್ನ ಹೆಸರಿಗೆ ಬರೆದಾಗಿರುತ್ತಿತ್ತು. ಮೊಬೈಲಿಗೆ ಮೆಸೇಜೂ ಬರುತ್ತಿತ್ತು, ದಂಡವೂ ಬೀಳುತ್ತಿತ್ತು. ಬ್ಯಾಂಕಿನವರು ಏನಾದರೊಂದು ಮುರಿದುಕೊಳ್ಳುತ್ತಲೇ ಇರುತ್ತಾರೆ ಎಂದು ನಾನು ಸುಮ್ಮನಿದ್ದೆ.

"ಸರ, ಐದನೇ ತಾರೀಖು ಅಂದ್ರ ಸಂಜಿಮಟಾನೂ ಐದನೇ ತಾರೀಖ ಅಲ್ಲೇನ್ರಿ?" ಎಂದು ವಾದಿಸಿದೆ. "ಕರೆಂಟ್ ಬಿಲ್ಲು ಒಂದ ಸಲನೂ ತಪ್ಪಿಸಿಲ್ರಿ ನಾನು. ಅದನ್ನರ ನೋಡ್ರಿ."

"ಕರೆಂಟ್ ಬಿಲ್ಲು ಇದರಲ್ಲಿ ಲೆಕ್ಕಕ್ಕೇ ಬರಲ್ಲ ಮೇಡಂ. ಒಂದು ಆರೇಳು ತಿಂಗಳು ಎರಡು ದಿನ ಮೊದಲೇ ದುಡ್ಡು ಹಾಕಿಡಿ. ಸ್ಕೋರ್ ಏರುತ್ತೆ, ಆಗ ಬನ್ನಿ."

ಅಷ್ಟು ವರ್ಷ ಬಿಸಿಲಿನಲ್ಲಿ ನಿಂತದ್ದು ಲೆಕ್ಕಕ್ಕೇ ಇಲ್ಲವಂತೆ! ಚಿಗವ್ವನನ್ನು ಕರೆದುಕೊಂಡು ಬಳೆ ಅಂಗಡಿಗೆ ಹೋದೆ. ಹುಸೇನಸಾಬರು ಯಾರಿಗೋ ಹಸಿರು ಬಳೆ ಇಡುತ್ತಿದ್ದರು.

"ಚಾಚಾ, ಬ್ಯಾಂಕಿನ್ಯಾಗ ಆರೇಳು ತಿಂಗಳ ಬಿಟ್ಟ ಬಾ ಅಂದಾರ. ಯಾವಾಗ್ಲೂ ತಡಾ ಮಾಡ್ತಾಳ ಅಂತ ನನ್ನ ಹೆಸರೀಗೆ ಬರದಾರಂತ. ನೀವು ಕಾರಟಗಿಯವರಿಗೇ ಕೊಟ್ಟಬಿಡ್ರಿ." ಇಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂತು. ಬಳೆ ಇಡಿಸಿಕೊಳ್ಳುತ್ತಿದ್ದಾಕೆ ಕೈ ಹಿಂದಕ್ಕೆಳೆದುಕೊಂಡು ನನ್ನನ್ನೇ ನೋಡಿದಳು.

ಹುಸೇನಸಾಬರು ಚಿಗವ್ವನ ಮುಖ ನೋಡಿದರು, ನನ್ನ ಮುಖ ನೋಡಿದರು. "ಅರೆ, ಆ ಕಂಪ್ಯೂಟರ್ ಎಷ್ಟ ದಿನದಿಂದ ನೋಡೇತಿ ನಿನ್ನ? ನಾ ನೀ ಲಂಗಾ ಹಾಕ್ಕೊಂಡಾಗಿಂದ ನೋಡೀನಿ. ನೀವಿಬ್ರೂ ಮೊದ್ಲ ಬಂದದ್ದು ನೋಡಿಲ್ಲ, ತಾರೀಖು ತಪ್ಪಿಸಿದ್ದೂ ನೋಡಿಲ್ಲ. ರಂಜಾನ್ ತಿಂಗಳು ಹಿಡಿಯೂಮಟ ಮನಿ ಹಂಗ ಇರ್ತೈತಿ. ಅದು ಕೊನಿ ತಾರೀಖು."

"ಬಂದ ಬರ್ತೀವಿ ಸಾಬ್ರ" ಎಂದಳು ಚಿಗವ್ವ. ಬೇರೆ ಕಾಗದ ಪತ್ರ ಏನೂ ಆಗಲಿಲ್ಲ.

ಅಂಕ ಇಳಿಯುವುದು ಕೊಡ ಬಾವಿಗೆ ಬಿದ್ದ ಹಾಗೆ. ಏರುವುದು ಸೇದಿದ ಹಾಗೆ. ಸಂಬಳ ಬಂದ ದಿನವೇ ಕಂತಿನ ದುಡ್ಡು ಹಾಕುತ್ತಾ ಹೋದೆ. ಮೊದಲ ಎರಡು ತಿಂಗಳು ಅಂಕ ಕದಲಲೇ ಇಲ್ಲ, ನನಗೆ ಸರಿಯಾಗಿ ನಿದ್ದೆ ಇಲ್ಲ. ಆಮೇಲೆ ನಿಧಾನಕ್ಕೆ ಏರತೊಡಗಿತು. ಸಾಲ ಮಂಜೂರಾದ ದಿನ ರಂಜಾನಿಗೆ ಇನ್ನೂ ಸುಮಾರು ಒಂದು ತಿಂಗಳಿತ್ತು. ಸ್ಕೂಟಿ ಏರಿ ಬಳೆ ಅಂಗಡಿಗೆ ಹಾರಿದೆ. "ಚಾಚಾ, ನಾಳೆನ ರಿಜಿಸ್ಟ್ರಿ ಮಾಡಿಬಿಡೂಣ್ರಿ!"

ಅವರು ಕನ್ನಡಕದ ಮೇಲಿಂದ ನೋಡಿದರು. "ಕೊನಿ ತಾರೀಖು ಇನ್ನೂ ಐತಲ್ಲವಾ. ಏನವಸರ?"

ಕೊನೆಗೂ ಕೊನೆಯ ತಾರೀಖಿಗೇ ಆಯಿತು. ಅವತ್ತು ನೋಂದಣಿ ಕಚೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಿಗವ್ವ ಮದುವೆಯ ಸೀರೆ ಉಟ್ಟು, ಶೇಂಗಾ ಗಂಟಿನ ಸಮೇತ ಬಂದು, ಇಡೀ ಪಾಳಿಯ ಸುದ್ದಿ ಸೂರೆ ಮಾಡಿದಳು. ಮನೆ ನನ್ನದಾಯಿತು.

ಕುಷ್ಟಗಿಯಲ್ಲಿ ಕೊಂಡ ಪೊಟ್ಟಣವನ್ನು ನಾನು ಪೂರ್ತಿ ತಿನ್ನಲಿಲ್ಲ. ಮರುದಿನ ಚಿಗವ್ವನ ಮನೆಯ ಬಿಲ್ಲಿನ ಕೊನೆಯ ತಾರೀಖಾಗಿತ್ತು. ನನ್ನವೆಲ್ಲ ಈಗ ಬಂದ ದಿನವೇ ಕಟ್ಟಿ ಮುಗಿಯುತ್ತವೆ. ಅವಳದೊಂದನ್ನು ಮಾತ್ರ ಮೊಬೈಲಿನಲ್ಲಿ ಕಟ್ಟುವುದಿಲ್ಲ. ಶಾಲೆಗೆ ಅರ್ಧ ದಿನ ರಜೆ ಹಾಕಿ, ಅವಳನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಕರೆಂಟ್ ಆಫೀಸಿಗೆ ಹೋದೆ.

ಈಗ ಅಲ್ಲಿ ಪಾಳಿ ಇಲ್ಲ. ಕಿಟಕಿಯ ಹಿಂದಿನ ಹುಡುಗಿ ಕೆಲಸವಿಲ್ಲದೆ ಕೂತಿದ್ದಳು. ಎದುರಿನ ಬೆಂಚಿನ ಮೇಲೆ ಒಬ್ಬರೇ ಒಬ್ಬರು. ಬಳೆ ಅಂಗಡಿಯನ್ನು ಈಗ ಮಗ ನೋಡಿಕೊಳ್ಳುತ್ತಾನೆ, ಮೀಟರ್ ಮಾತ್ರ ಅಪ್ಪನ ಹೆಸರಿನಲ್ಲಿದೆ. ಅದೊಂದು ನೆಪ ಮಾಡಿಕೊಂಡು ಗಂಗಾವತಿಯಿಂದ ಬೆಳಗಿನ ಬಸ್ಸಿಗೇ ಬಂದು, ಕಿಟಕಿಯ ಹತ್ತಿರ ಹೋಗದೆ, ಹುಸೇನಸಾಬರು ನಮ್ಮ ದಾರಿ ಕಾಯುತ್ತಿದ್ದರು. ನಾನು ಶೇಂಗಾ ಪೊಟ್ಟಣ ಮುಂದೆ ಹಿಡಿದೆ. ಅವರು ಜೇಬಿನಿಂದ ಬಿಲ್ ತೆಗೆದು ನನ್ನ ಕೈಗಿಟ್ಟರು.

"ಯವ್ವಾ, ನಂದೂ ಒಂದ ಕಟ್ಟವಾ."

ಚಿಗವ್ವ ಸೆರಗು ಸರಿಮಾಡಿಕೊಂಡು ಅವರ ಪಕ್ಕದಲ್ಲಿ ಕೂತಳು. "ಮೊದ್ಲ ಸುದ್ದಿ ಹೇಳ್ರಿ" ಎಂದಳು.