ಸೀಸದ ಬಿಲ್ಲೆಯ ಜಾಡು ಹಿಡಿದ ಲೊವೇಡಾ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೇನ್ ಹಾಲೋ ಬ್ಯಾಪ್ಟಿಸ್ಟ್ ಚರ್ಚಿನ ಹಿಂದಿನ ಇಳಿಜಾರಿನಲ್ಲಿ, ಸೊಂಟದಾಳದ ಗುಂಡಿಯೊಳಗೆ ಕುಕ್ಕರಗಾಲಲ್ಲಿ ಕೂತು ಲೊವೇಡಾ ಹಫ್‌ಸ್ಟೆಟ್ಲರ್ ಬೂದಿ ಬೆರೆತ ಕೆಮ್ಮಣ್ಣು ಕೆರೆಯುತ್ತಿದ್ದಾರೆ. ಪಕ್ಕದಲ್ಲಿ ಬಕೆಟ್ಟಿನ ತುಂಬ ನೀರು, ಅಗಲ ಬಾಯಿಯ ತಗಡಿನ ಬೋಗುಣಿ. ಮಣ್ಣನ್ನು ಬೋಗುಣಿಗೆ ಸುರಿದು, ನೀರು ಹೊಯ್ದು, ಮೊರದಲ್ಲಿ ಅಕ್ಕಿ ಕೇರಿದ ಹಾಗೆ ಓಲಾಡಿಸುತ್ತಾರೆ. ಹಗುರಾದದ್ದು ನೀರಿನೊಂದಿಗೆ ಹೊರಗೆ ಹೋಗುತ್ತದೆ, ಭಾರವಾದದ್ದು ತಳದಲ್ಲಿ ಉಳಿಯುತ್ತದೆ.

ಇವತ್ತು ಶನಿವಾರ. ಮಧ್ಯಾಹ್ನಕ್ಕೆ ಗಡುವು ಮುಗಿಯುತ್ತದೆ. ಸೋಮವಾರ ಕಾಂಕ್ರೀಟ್ ಲಾರಿ ಬಂದು ಈ ಇಳಿಜಾರನ್ನು ಚರ್ಚಿನ ಕಾರು ನಿಲ್ದಾಣ ಮಾಡಲಿದೆ. ಹಿಂದೊಮ್ಮೆ ಇದೇ ಊರಿನಲ್ಲಿ ಚಿನ್ನದ ನಾಣ್ಯ ಹೊಡೆಯುತ್ತಿದ್ದ ಆಗಸ್ಟ್ ಕೆಸ್ಲರ್ ಎಂಬವನ ಟಂಕಸಾಲೆ ಎಲ್ಲಿತ್ತು ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದ್ದರೆ ಅದೂ ಕಾಂಕ್ರೀಟಿನಡಿ ಸೇರುತ್ತದೆ. ಈ ಗಡುವು ಕೊಟ್ಟವರು ಬೇರೆ ಯಾರೂ ಅಲ್ಲ, ಚರ್ಚಿನ ಆಡಳಿತ ನೋಡಿಕೊಳ್ಳುವ ಓಡೆಲ್. ಲೊವೇಡಾರ ಸ್ವಂತ ಮೈದುನ.

"ಅತ್ತಿಗೆ, ನಿಮ್ಮ ಮುಖ ನೋಡಿ ಶನಿವಾರದವರೆಗೆ ತಡೀತೀನಿ. ಆಮೇಲೆ ದೇವರೇ ಬಂದು ಗುಂಡಿ ತೋಡ್ತೀನಿ ಅಂದ್ರೂ ಬಿಡಲ್ಲ" ಎಂದಿದ್ದಾರೆ ಓಡೆಲ್.

ಉತ್ತರ ಕೆರೊಲಿನಾದ ಈ ಗುಡ್ಡಗಳ ಹಳ್ಳಗಳಲ್ಲಿ ಒಂದು ಕಾಲಕ್ಕೆ ಚಿನ್ನದ ಪುಡಿ ಸಿಗುತ್ತಿತ್ತು. ಸರ್ಕಾರದ ಟಂಕಸಾಲೆ ದೂರ, ದಾರಿಯಲ್ಲಿ ದರೋಡೆಕೋರರು. ಹಾಗಾಗಿ ಜನ ಪುಡಿಯನ್ನು ಹತ್ತಿರದ ಗಡಿಯಾರ ಕೆಲಸದವನಿಗೋ ಅಕ್ಕಸಾಲಿಗನಿಗೋ ಕೊಟ್ಟು ನಾಣ್ಯ ಹೊಡೆಸಿಕೊಂಡು ಬರುತ್ತಿದ್ದರು. ಅಂಥ ಮೂವರ ಹೆಸರು ಈ ಸೀಮೆಯಲ್ಲಿ ಇಂದಿಗೂ ಉಳಿದಿದೆ, ಜಾಗಗಳು ಮಾತ್ರ ಅಳಿಸಿಹೋಗಿದ್ದವು. ಇಬ್ಬರ ಜಾಗವನ್ನು ಲೊವೇಡಾ ಹುಡುಕಿಕೊಟ್ಟಿದ್ದಾರೆ. ಒಂದರ ಮೇಲೆ ಈಗ ಟೈರ್ ಅಂಗಡಿಯಿದೆ, ಇನ್ನೊಂದರ ಮೇಲೆ ಕೋಳಿ ಫಾರಂ. ಉಳಿದವನು ಸ್ವಂತ ಊರಿನ ಕೆಸ್ಲರ್. ಅವನ ಹೆಸರಿನ ಕಲ್ಲೊಂದು ಪೆಟ್ರೋಲ್ ಬಂಕಿನ ಮುಂದಿದೆ. ಅದನ್ನು ಅಲ್ಲೇ ಏಕೆ ನೆಟ್ಟರು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ.

ಆಕೆ ಹೊಟ್ಟೆಪಾಡಿಗೆ ಮಾಡುವುದು ಶೌಚದ ಗುಂಡಿ ತೋಡುವ ಕೆಲಸ. ಗಂಡ ತೀರಿಕೊಂಡ ವಾರವೇ ಅವರ ಮಣ್ಣು ಅಗೆಯುವ ಯಂತ್ರ ಹತ್ತಿದವರು ಇನ್ನೂ ಇಳಿದಿಲ್ಲ. ಬೇಸಿಗೆಯಲ್ಲಿ ದಿನಕ್ಕೆ ಎರಡು ಗುಂಡಿ, ಚಳಿಗಾಲದಲ್ಲಿ ಒಂದು. ಹೆಂಗಸು ಯಂತ್ರ ಓಡಿಸುವುದೇ ಎಂದು ಮೊದಲು ಗೇಟು ಹಾಕಿಕೊಂಡವರೇ ಈಗ ಹಿತ್ತಲಿಗೆ ಕರೆದು ತಣ್ಣನೆ ಸಿಹಿ ಚಹಾ ಕೊಡುತ್ತಾರೆ.

"ಮನೆ ಮುಂದೆ ಜನ ಸುಳ್ಳು ಹೇಳ್ತಾರೆ, ಹಿತ್ತಲಲ್ಲಿ ಹೇಳೋಕಾಗಲ್ಲ. ಏನು ತಿಂದ್ರು, ಏನು ಕುಡಿದ್ರು, ಏನು ಒಡೆದ್ರು, ಎಲ್ಲಾ ಅಲ್ಲೇ ಬಿದ್ದಿರುತ್ತೆ" ಎನ್ನುತ್ತಾರೆ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇವರ ಪಾಲಿಗೆ ಇನ್ನಷ್ಟು ಖಾರವಾಗಿ ಫಲಿಸಿತ್ತು. ಮೂರು ವರ್ಷದ ಹಿಂದೆ ಹಳ್ಳದ ದಂಡೆಯಲ್ಲಿ ಸುಟ್ಟ ಇಟ್ಟಿಗೆ, ಬೂದಿ, ತಾಮ್ರದ ಚೂರು ಸಿಕ್ಕಿದ್ದೇ ತಡ, ಕೆಸ್ಲರನ ಕುಲುಮೆ ಸಿಕ್ಕಿತೆಂದು ಊರೆಲ್ಲ ಸಾರಿಬಿಟ್ಟರು. ಗಡಿಯಾರ ರಿಪೇರಿಯ ಡ್ಯೂಯಿ ಪ್ಲಾಂಕ್ ಬಂದು ನೋಡಿ, ಇದು ತನ್ನ ಅಜ್ಜನೇ ಕಳ್ಳಭಟ್ಟಿ ಇಳಿಸುತ್ತಿದ್ದ ಒಲೆ ಎಂದು ನಗುನಗುತ್ತಾ ಹೇಳಿದರು. ಅಂದಿನಿಂದ ಅಂಗಡಿ ಕಟ್ಟೆಯಲ್ಲಿ ಲೊವೇಡಾರ ಹೆಸರು 'ವಿಸ್ಕಿ ಟಂಕಸಾಲೆ'. ಆಕೆಗೆ ಅದು ತುಂಬ ನೋವು ಕೊಟ್ಟಿತು. ಆ ಚಳಿಗಾಲ ಪೂರ್ತಿ ಚರ್ಚಿನಲ್ಲಿ ಹಿಂದಿನ ಬೆಂಚಿನಲ್ಲೇ ಕೂತರು.

ಹೋದ ಶರತ್ಕಾಲದಲ್ಲಿ ಇದೇ ಇಳಿಜಾರಿನಲ್ಲಿ ಚರ್ಚಿಗೆ ಹೊಸ ಶೌಚದ ಗುಂಡಿ ತೋಡುವಾಗ ಯಂತ್ರದ ಬಾಯಿಗೆ ಗಾಜುಗಟ್ಟಿದ ಮಣ್ಣಿನ ಮೂಸೆಗಳ ಚೂರು ಬಂತು. ಲೋಹ ಕರಗಿಸುವ ಮೂಸೆ. ಈ ಸಲ ಆಕೆ ಬಾಯಿ ಬಿಡಲಿಲ್ಲ. ಡ್ಯೂಯಿಗೆ ಮಾತ್ರ ತೋರಿಸಿದರು. "ಮೂಸೆ ಯಾವ ಕಂಚುಗಾರನ ಹತ್ರಾನೂ ಇರುತ್ತೆ. ನಾಣ್ಯ ಹೊಡೆದಿದ್ದು ತೋರ್ಸು, ಟೋಪಿ ತೆಗೀತೀನಿ" ಎಂದರು ಅವರು.

ಅದೇ ಡ್ಯೂಯಿ ಈಗ ಗುಂಡಿಯ ಅಂಚಿನಲ್ಲಿ ಬಕೆಟ್ ಬೋರಲು ಹಾಕಿಕೊಂಡು ಕೂತು, ಬನ್ನಿನಂಥ ಮೆತ್ತನೆ ಬಿಸ್ಕಿಟ್ಟಿನ ನಡುವೆ ಹುರಿದ ಲಿವರ್‌ಮಷ್, ಅಂದರೆ ಹಂದಿಯ ಲಿವರಿನ ಬಿಲ್ಲೆ, ಇಟ್ಟುಕೊಂಡು ಮೆಲ್ಲುತ್ತಿದ್ದಾರೆ.

"ಚಿನ್ನ ಸಿಕ್ತೇನಮ್ಮಾ?"

"ಚಿನ್ನ ಯಾವನು ಬಿಸಾಕ್ತಾನೆ ಡ್ಯೂಯಿ? ನಾನು ಹುಡುಕ್ತಿರೋದು ಕಸ. ನೀನು ಉದುರಿಸೋ ಚೂರು ಗುಂಡಿಗೆ ಬೀಳದ ಹಾಗೆ ತಿನ್ನು."

ಆಕೆಯ ಇಡೀ ವಿದ್ಯೆ ಈ ಮಾತಿನಲ್ಲಿದೆ. ಪ್ರತಿ ಬೇಸಿಗೆ ಲೋಹ ಪತ್ತೆಹಚ್ಚುವ ಯಂತ್ರ ಹಿಡಿದು ಚಿನ್ನ ಹುಡುಕಲು ಬರುವವರು, ಸೀಸ ಸಿಕ್ಕರೆ ಹಳೇ ಯುದ್ಧದ ಗುಂಡು ಎಂದು ಬೈದು ಪೊದೆಗೆ ಎಸೆಯುತ್ತಾರೆ. ಆದರೆ ನಾಣ್ಯ ಹೊಡೆಯುವವನು ಹೊಸ ಅಚ್ಚು ಕೊರೆದಾಗ ಅದನ್ನು ನೇರ ಚಿನ್ನದ ಮೇಲೆ ಇಳಿಸುವುದಿಲ್ಲ. ಮೊದಲು ಮೆತ್ತನೆ ಸೀಸದ ಮೇಲೆ ಒತ್ತಿ ನೋಡಿ, ಬಿಲ್ಲೆಯನ್ನು ಬೂದಿಗುಂಡಿಗೆ ಎಸೆಯುತ್ತಾನೆ. ಲೊವೇಡಾ ಇಳಿದಿರುವುದು ಮೂಸೆಯ ಚೂರು ಸಿಕ್ಕ ಜಾಗದ ಪಕ್ಕದ ಅಂಥ ಬೂದಿಗುಂಡಿಯೊಳಗೆ.

ಹತ್ತು ಗಂಟೆಯ ಹೊತ್ತಿಗೆ ಬೋಗುಣಿಯ ತಳದಲ್ಲಿ ಕೋಟಿನ ಗುಂಡಿಯಷ್ಟಗಲದ ಬೂದುಬಣ್ಣದ ಚಕ್ಕೆಯೊಂದು ಉಳಿಯುತ್ತದೆ. ಆಕೆ ಹೆಬ್ಬೆರಳಿನಿಂದ ಮೆಲ್ಲಗೆ ಸವರುತ್ತಾರೆ. ಅದನ್ನು ಮೇಲಕ್ಕೆ ಚಾಚುತ್ತಾರೆ. ಡ್ಯೂಯಿ ಕಣ್ಣಿಗೆ ಭೂತಗಾಜು ಸಿಕ್ಕಿಸಿ ಬೆಳಕಿಗೆ ಹಿಡಿಯುತ್ತಾರೆ. ಅಚ್ಚು ಓರೆಯಾಗಿ ಬಿದ್ದಿದೆ, ಆದರೂ ಅಂಚಿನಲ್ಲಿ ಕೆಸ್ಲರನ ಹೆಸರು ಪೂರ್ತಿಯಿದೆ, ನಡುವೆ ಐದು ಡಾಲರಿನ ಗುರುತು. ಡ್ಯೂಯಿ ಬಕೆಟ್ಟಿನ ಮೇಲಿಂದ ಎದ್ದು ನಿಲ್ಲುತ್ತಾರೆ. ಟೋಪಿ ತೆಗೆಯುತ್ತಾರೆ.

"ಈ ಸಲ ವಿಸ್ಕಿ ಅಲ್ಲ ಕಣಮ್ಮಾ. ನೂರಕ್ಕೆ ನೂರು ಕೆಸ್ಲರ್."

ಅರವತ್ತು ದಾಟಿದ ಲೊವೇಡಾ ಗುಂಡಿಯಿಂದ ಹೇಗೆ ಹಾರಿದರೋ ಡ್ಯೂಯಿಗೂ ತಿಳಿಯದು. ನೇರ ಚರ್ಚಿಗೆ ಓಡಿ ಗಂಟೆಯ ಹಗ್ಗಕ್ಕೆ ಜೋತುಬೀಳುತ್ತಾರೆ. ಶನಿವಾರ ಗಂಟೆ ಹೊಡೆದರೆ ಈ ಊರಿನಲ್ಲಿ ಬೆಂಕಿ ಬಿದ್ದಿದೆ ಎಂದೇ ಅರ್ಥ. ಕೆಂಪು ಬೆಂಕಿ ಗಾಡಿ ಊಳಿಡುತ್ತಾ ಬರುತ್ತದೆ, ಅದರ ಹಿಂದೆ ಊರಿಗೆ ಊರೇ ಬರುತ್ತದೆ. ಅರ್ಧ ಗಡ್ಡ ಹೆರೆದ ಮುಖದಲ್ಲಿ ಸೋಪಿನ ನೊರೆ ಹೊತ್ತು ಓಡೆಲ್ ಕೂಡ ಬರುತ್ತಾರೆ.

"ಎಲ್ಲಿ ಅತ್ತಿಗೆ ಬೆಂಕಿ?"

"ನನ್ನ ಹೊಟ್ಟೇಲಿತ್ತು, ಈಗ ಆರಿತು. ಕೈ ಒರೆಸ್ಕೊಂಡು ಇದನ್ನ ಹಿಡಿ."

ಬಿಲ್ಲೆ ಕೈಯಿಂದ ಕೈಗೆ ದಾಟುತ್ತದೆ. ನಗುತ್ತಿದ್ದ ಅಂಗಡಿ ಕಟ್ಟೆಯವರೇ ಮೊದಲು ಚಪ್ಪಾಳೆ ತಟ್ಟುತ್ತಾರೆ, ಬೆಂಕಿ ಗಾಡಿಯವರು ಇನ್ನೊಮ್ಮೆ ಸುಮ್ಮನೆ ಸೈರನ್ ಕೂಗಿಸುತ್ತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಎನ್ನುತ್ತಾರೆ, ಇಲ್ಲಿ ಸೀಸದ ಚೂರಿಗೇ ಬಂದಿದೆ. ಓಡೆಲ್ ಬಿಲ್ಲೆಯನ್ನು ಎರಡೂ ಕಡೆ ತಿರುಗಿಸಿ ನೋಡಿ, ಅಲ್ಲೇ ನಿಂತು ಫೋನ್ ಮಾಡಿ, ಕಾಂಕ್ರೀಟ್ ಲಾರಿಯನ್ನು ಚರ್ಚಿನ ಮುಂದಿನ ಅಂಗಳಕ್ಕೆ ಕಳಿಸುವಂತೆ ಹೇಳುತ್ತಾರೆ.

"ಬಂಕಿನ ಮುಂದಿನ ಕಲ್ಲು ಇಲ್ಲಿಗೆ ತಂದು ನೆಡೋಣ. ಆದ್ರೆ ಅತ್ತಿಗೆ, ಈ ಗುಂಡಿ ಇವತ್ತೇ ಮುಚ್ಚಿಬಿಡಿ. ಮಕ್ಕಳುಮರಿ ಬಿದ್ದಾವು."

ಲೊವೇಡಾ ಮಣ್ಣಿನ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾರೆ. ಮುಖದ ಮೇಲಿನ ನಗು ಕಿವಿವರೆಗೂ ಹರಡಿದೆ.

"ಬೇಲಿ ಹಾಕ್ಸು, ಮೇಲೊಂದು ಗಾಜು ಕೂರ್ಸು. ಈ ಊರಲ್ಲಿ ನಾನು ಇಲ್ಲೀತನಕ ತೋಡಿದ್ದೆಲ್ಲಾ ಮುಚ್ಚಿಡೋ ಗುಂಡಿಗಳೇ ಓಡೆಲ್. ಇದೊಂದನ್ನ ಜನ ಬಂದು ನೋಡ್ಲಿ."